ಆಡಿಯೋ ಇಂಟರ್‌ಫೇಸ್: ಸದ್ದು ಕೇಳಿ ದೋಷ ಹಿಡಿಯುವುದು

ಶಿರಸಿ, ಹೊನ್ನಾವರ ಕಡೆ ಈಗ ಮನೆಯ ಕೋಣೆಯಲ್ಲೇ ತಾಳಮದ್ದಲೆ, ಭಾಗವತಿಕೆ ರೆಕಾರ್ಡ್ ಮಾಡುವವರು ಹೆಚ್ಚಿದ್ದಾರೆ. ಡೆಸ್ಕ್‌ಟಾಪಿಗೆ ಮೈಕಿನ ಸದ್ದನ್ನು ಕಂಪ್ಯೂಟರಿಗೆ ತಲುಪಿಸುವ ಎರಡು ಚಾನೆಲ್ಲಿನ ಯುಎಸ್‌ಬಿ ಇಂಟರ್‌ಫೇಸ್, ಒಂದೆರಡು ಮೈಕು, ಅಷ್ಟೇ ಸರಂಜಾಮು. ತೊಂದರೆ ಬಂದ ಕೂಡಲೇ ಡ್ರೈವರ್ ತೆಗೆದು ಮತ್ತೆ ಹಾಕುವ ಅವಸರ ಬೇಡ. ಯಾವ ಬಗೆಯ ಸದ್ದು ಬರುತ್ತಿದೆ ಎಂದು ಮೊದಲು ಕಿವಿಗೊಟ್ಟು ಕೇಳಿ.

ಒಂದೇ ಸಮನೆ 'ಹುಂ' ಎಂದರೆ ಅದು 50 ಹರ್ಟ್ಸಿನ ಕರೆಂಟಿನ ಸದ್ದು. ಕಾರಣ ಹೆಚ್ಚಾಗಿ ಅರ್ತಿಂಗ್. ಕಂಪ್ಯೂಟರಿನ ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆಯೇ? ಹಾಗಿದ್ದರೆ ಅರ್ತ್ ಸಿಕ್ಕೇ ಇಲ್ಲ, ಎಸ್‌ಎಂಪಿಎಸ್ (ಕಂಪ್ಯೂಟರಿನ ಪವರ್ ಸಪ್ಲೈ) ಒಳಗಿನ ಫಿಲ್ಟರ್ ಕೆಪ್ಯಾಸಿಟರುಗಳಿಂದ ಕ್ಯಾಬಿನೆಟ್ಟಿಗೆ ವೋಲ್ಟೇಜ್ ಬರುತ್ತಿದೆ. ಎಕ್ಸ್‌ಟೆನ್ಷನ್ ಬಾಕ್ಸಿನ ಮೂರನೇ ತೂತಿಗೆ ವೈರೇ ಇರದಿರುವುದು ಸಾಮಾನ್ಯ. ಚಿರೇಕಲ್ಲಿನ ನೆಲದಲ್ಲಿ ಅರ್ತ್ ಗುಂಡಿ ಬೇಸಿಗೆಗೆ ಒಣಗಿ ಕೆಲಸ ಬಿಡುತ್ತದೆ. ನೀರು ಹಾಕಿ ನೋಡಿ. ವೈರ್‌ಮನ್ ಬಂದಾಗ ನ್ಯೂಟ್ರಲ್ ಮತ್ತು ಅರ್ತ್ ನಡುವಿನ ವೋಲ್ಟೇಜ್ ಅಳೆಸಿ. ಎರಡು-ಮೂರು ವೋಲ್ಟಿದ್ದರೆ ಚಿಂತೆಯಿಲ್ಲ, ಹತ್ತಿಪ್ಪತ್ತು ತೋರಿಸಿದರೆ ಅರ್ತ್ ಲೈನನ್ನೇ ಪರೀಕ್ಷಿಸಬೇಕು. ಹುಂಕಾರ ನಿಲ್ಲಿಸಲೆಂದು ಪ್ಲಗ್ಗಿನ ಅರ್ತ್ ಪಿನ್ ಮುರಿಯುವ ಉಪಾಯ ಹೇಳುವವರಿದ್ದಾರೆ. ಸದ್ದು ನಿಂತೀತು, ಆದರೆ ಆ ಮೈಕು ಭಾಗವತರ ತುಟಿಗೆ ತಾಗುವ ವಸ್ತು, ಅರ್ತ್ ಇಲ್ಲದಿದ್ದರೆ ಶಾಕ್ ಹೊಡೆದೀತು. ಕಂಪ್ಯೂಟರ್, ಇಂಟರ್‌ಫೇಸ್, ಸ್ಪೀಕರ್ ಮೂರಕ್ಕೂ ಒಂದೇ ಬೋರ್ಡಿನಿಂದ ಕರೆಂಟ್ ಕೊಟ್ಟು, ಸ್ಪೀಕರಿಗೆ, ದಾರಿಯಲ್ಲಿ ಸೇರುವ ಸದ್ದನ್ನು ಕಳೆಯುವ ಬ್ಯಾಲೆನ್ಸ್ಡ್ ಟಿಆರ್‌ಎಸ್ ಕೇಬಲ್ ಹಾಕುವುದೇ ಸರಿಯಾದ ದಾರಿ. ಕರೆಂಟ್ ಹೋಗಿ ಇನ್ವರ್ಟರ್ ಹತ್ತಿದಾಗ ಮಾತ್ರ 'ಜೀಂ' ಎನ್ನುತ್ತಿದ್ದರೆ ಅದು ಸ್ಕ್ವೇರ್ ವೇವ್ ಇನ್ವರ್ಟರಿನ ಗುಣ. ಆ ಹೊತ್ತಿಗೆ ರೆಕಾರ್ಡಿಂಗ್ ನಿಲ್ಲಿಸಿ.

ಮೌಸ್ ಅಲ್ಲಾಡಿಸಿದಾಗ ಕಿರುಗುಟ್ಟಿದರೆ ಇಂಟರ್‌ಫೇಸನ್ನು ಮುಂಭಾಗದ ಪೋರ್ಟಿನಿಂದ ತೆಗೆದು ಹಿಂಭಾಗದಲ್ಲಿ, ನೇರ ಮದರ್‌ಬೋರ್ಡಿಗೆ ಚುಚ್ಚಿ. ಹಬ್ ಬೇಡವೇ ಬೇಡ. ಕಂಡೆನ್ಸರ್ ಮೈಕಿಗೆ ಕರೆಂಟ್ ಕೊಡುವ 48 ವೋಲ್ಟ್ ಬಟನ್ ಒತ್ತಿದಾಗ ಪೆಟ್ಟಿಗೆಯೇ ಆರಿಹೋದರೆ ಪೋರ್ಟಿನ ಕರೆಂಟು ಸಾಲುತ್ತಿಲ್ಲ.

ನಡುನಡುವೆ 'ಟಿಕ್ ಟಿಕ್' ಬಂದರೆ ಬಫರ್, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ಸದ್ದಿನ ತುಣುಕು, ಸಣ್ಣದಾಗಿದೆ. ತಯಾರಕರ ಆಸಿಯೋ (ತಡ ಕಡಿಮೆ ಮಾಡುವ ಆಡಿಯೋ) ಡ್ರೈವರಿನ ಪ್ಯಾನೆಲ್ಲಿನಲ್ಲಿ 128 ಸ್ಯಾಂಪಲ್ ಇದ್ದುದನ್ನು 256 ಮಾಡಿ, ಮಿಕ್ಸಿಂಗ್ ಹೊತ್ತಿಗೆ 512ಕ್ಕೂ ಏರಿಸಬಹುದು. ಸೆಕೆಂಡಿಗೆ 48 ಸಾವಿರ ಸ್ಯಾಂಪಲ್ ತೆಗೆಯುವ 48 ಕಿಲೋಹರ್ಟ್ಸಿನಲ್ಲಿ 256 ಸ್ಯಾಂಪಲ್ಲೆಂದರೆ ಸುಮಾರು 5.3 ಮಿಲಿಸೆಕೆಂಡ್, ಒಳಹೋಗಿ ಹೊರಬರುವಷ್ಟರಲ್ಲಿ ಅದರ ಎರಡು ಪಟ್ಟಿಗಿಂತ ಹೆಚ್ಚು. ಹಾಡುವವರಿಗೆ ತಮ್ಮ ದನಿಯೇ ತಡವಾಗಿ ಕೇಳಿದರೆ ತಾಳ ಜಾರುತ್ತದೆ. ಅದಕ್ಕೇ, ದನಿಯನ್ನು ಕಂಪ್ಯೂಟರ್ ಸುತ್ತಿಸದೆ ನೇರ ಕಿವಿಗೆ ಕೊಡುವ ಡೈರೆಕ್ಟ್ ಮಾನಿಟರ್ ಗುಂಡಿ ಇರುವುದು. ಅದನ್ನು ಹಾಕಿದಾಗ ಸಾಫ್ಟ್‌ವೇರಿನ ಮಾನಿಟರಿಂಗ್ ಆರಿಸಿ, ಇಲ್ಲವಾದರೆ ದನಿ ಜೋಡಿಯಾಗಿ ಕೇಳುತ್ತದೆ. ಬಫರ್ ಹೆಚ್ಚಿಸಿದರೂ ಟಿಕ್ ನಿಲ್ಲದಿದ್ದರೆ ವೈಫೈ ಆರಿಸಿ ನೋಡಿ. ಪವರ್ ಪ್ಲಾನಿನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ನಿಲ್ಲಿಸಿ.

ಶ್ರುತಿಯೇ ಬದಲಾದರೆ? 44.1 ಕಿಲೋಹರ್ಟ್ಸಿನಲ್ಲಿ ಮಾಡಿದ್ದು 48ರಲ್ಲಿ ಓಡುತ್ತಿದೆ. ಸುಮಾರು ಒಂದೂವರೆ ಸ್ವರಸ್ಥಾನ ಮೇಲೇರಿ, ವೇಗವೂ ಹೆಚ್ಚುತ್ತದೆ. ವಿಂಡೋಸ್, ಡ್ರೈವರ್, ಪ್ರಾಜೆಕ್ಟ್ ಮೂರರಲ್ಲೂ ಒಂದೇ ಅಂಕೆ ಇರಲಿ. ಸದ್ದೇ ಇಲ್ಲದಿದ್ದರೆ ವಿಂಡೋಸಿನ ಪ್ರೈವಸಿ ವಿಭಾಗದಲ್ಲಿ ಮೈಕ್ರೋಫೋನಿಗೆ ಅನುಮತಿ ಇದೆಯೇ ನೋಡಿ. ಅಪ್‌ಡೇಟ್ ಆದ ಮೇಲೂ ಒಮ್ಮೆ ನೋಡುವುದು ಒಳ್ಳೆಯದು.

ಚೆಂಡೆಯ ವಿಷಯ ಬೇರೆ. ಪರೀಕ್ಷೆಗೆಂದು ಬಾರಿಸುವಾಗ ಕೈ ಮೆಲ್ಲಗಿರುತ್ತದೆ, ಬಿಡ್ತಿಗೆ, ಅಂದರೆ ಜೋರಾಗಿ ಬಾರಿಸುವ ಘಟ್ಟ, ಬಂದಾಗ ಮೀಟರ್ ಕೆಂಪಾಗುತ್ತದೆ. ಆದ್ದರಿಂದ ಬಿಡ್ತಿಗೆಯನ್ನೇ ಬಾರಿಸಲು ಹೇಳಿ, ಅದರ ಗರಿಷ್ಠ ಮೈನಸ್ 12 ಡಿಬಿ ಆಸುಪಾಸಿಗೆ ನಿಲ್ಲುವಂತೆ ಗೇನ್ ಇಡಿ. ಒಳಬರುವ ಸದ್ದು ತಗ್ಗಿಸುವ ಪ್ಯಾಡ್ ಬಟನ್ನಿದ್ದರೆ ಬಳಸಿ. ಒಳಬರುವಾಗಲೇ ಒಡೆದ ಸದ್ದನ್ನು ಆಮೇಲೆ ಫೇಡರ್ ಇಳಿಸಿ ಕೂಡಿಸಲಾಗದು.

ಕಾರವಾರ, ಅಂಕೋಲಾದ ಉಪ್ಪುಗಾಳಿಗೆ ಜಾಕುಗಳು ಬೇಗ ಕಪ್ಪಾಗಿ, ಕೇಬಲ್ ಅಲುಗಿಸಿದರೆ ಪರಪರ ಎನ್ನುತ್ತವೆ. ವಿದ್ಯುತ್ ಸಂಪರ್ಕ ಬಿಡಿಸಿ, ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ, ಪೂರ್ತಿ ಆರಿದ ಮೇಲೆ ಜೋಡಿಸಿ. ಮಳೆಗಾಲದಲ್ಲಿ ಕಂಡೆನ್ಸರ್ ಮೈಕು ತೇವ ಹೀರಿಯೂ ಹೀಗೇ ಸದ್ದು ಮಾಡುತ್ತದೆ. ಸಿಲಿಕಾ ಜೆಲ್ ಚೀಟಿಗಳೊಂದಿಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಮೈಕು ಕೀಳುವ ಮೊದಲು 48 ವೋಲ್ಟ್ ಆರಿಸಿ ಅರ್ಧ ನಿಮಿಷ ಕಾಯಿರಿ.