ಬಿಸಿಯಾದಾಗ ಮಾತ್ರ ಕೈಕೊಡುವ ಆಟೋಮ್ಯಾಟಿಕ್ ಗೇರ್‌ಬಾಕ್ಸ್

"ಬೆಳಗ್ಗೆ ಚೆನ್ನಾಗಿರುತ್ತೆ ಸಾರ್, ಅರ್ಧ ಗಂಟೆ ಓಡಿಸಿದ ಮೇಲೆ ಗೇರೇ ಬದಲಾಗಲ್ಲ. ಆಫ್ ಮಾಡಿ ಆನ್ ಮಾಡಿದ್ರೆ ಸರಿಹೋಗುತ್ತೆ."

ಹಳೆಯ ಲಕ್ಷುರಿ ಕಾರಿನ ಮಾಲೀಕರು ಹೀಗೆ ಹೇಳಿದರೆ ನಾನು ಗೇರ್‌ಬಾಕ್ಸ್ ಇಳಿಸುವ ಮಾತೇ ಎತ್ತುವುದಿಲ್ಲ. ಸವೆದ ಕ್ಲಚ್ ಪ್ಲೇಟು ಕೀ ತಿರುಗಿಸಿದ ಮಾತ್ರಕ್ಕೆ ಸರಿಹೋಗುವುದಿಲ್ಲ ಅಲ್ವಾ? ಯಾವುದೋ ಸಿಗ್ನಲ್ ತಪ್ಪಿದೆ. ಗೇರ್‌ಬಾಕ್ಸ್ ಉಳಿಸಿಕೊಳ್ಳಲು ಕಂಪ್ಯೂಟರ್ ಲಿಂಪ್ ಮೋಡ್‌ಗೆ ಹೋಗಿ ಒಂದೇ ಗೇರ್ ಹಿಡಿದು ಕೂತಿದೆ, ಅಷ್ಟೇ. ಚೆನ್ನಾಗಿರುವ ಗೇರ್‌ಬಾಕ್ಸನ್ನು ಬಿಚ್ಚಿ ಹರಡಿದ್ದು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಮೊದಲು ಬ್ಯಾಟರಿ ನೋಡಿ. ವೋಲ್ಟೇಜ್ ಕುಸಿದರೆ ಕಂಪ್ಯೂಟರ್ ಇಲ್ಲದ ದೋಷವನ್ನೂ ತೋರಿಸುತ್ತದೆ. ಆಮೇಲೆ ಸ್ಕ್ಯಾನರ್, ಅಂದರೆ ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷದ ಕೋಡ್ ಓದುವ ಉಪಕರಣ. ಪಿ0700 ಎಂಬ ಕೋಡ್ ಬಂದರೆ ಅಲ್ಲಿಗೇ ನಿಲ್ಲಬೇಡಿ. ಗೇರ್‌ಬಾಕ್ಸ್ ಕಂಪ್ಯೂಟರಿನಲ್ಲಿ ಏನೋ ದಾಖಲಾಗಿದೆ ಎಂದಷ್ಟೇ ಅದರ ಅರ್ಥ, ಆ ಕಂಪ್ಯೂಟರನ್ನೇ ನೇರವಾಗಿ ಓದುವ ಸ್ಕ್ಯಾನರ್ ಬೇಕು. ಓದಿ ಬರೆದಿಟ್ಟುಕೊಳ್ಳುವ ಮೊದಲು ಕೋಡ್ ಅಳಿಸಬೇಡಿ.

1990ರ ದಶಕದ ಕೊನೆಯಿಂದ ಎಷ್ಟೋ ಮರ್ಸಿಡಿಸ್ ಕಾರುಗಳಲ್ಲಿ ಬಂದ 5 ಗೇರಿನ 722.6 ಗೇರ್‌ಬಾಕ್ಸನ್ನೇ ತೆಗೆದುಕೊಳ್ಳಿ. ಅದರ ಪಕ್ಕದಲ್ಲಿ 13 ಪಿನ್ನಿನ ಒಂದು ಪ್ಲಗ್ ಇದೆ. ಒಳಗಿನ ಸಣ್ಣ ರಬ್ಬರ್ ರಿಂಗ್ ಗಟ್ಟಿಯಾದರೆ ಆಯಿಲ್ ಜಿನುಗುತ್ತದೆ, ಬತ್ತಿ ಎಣ್ಣೆ ಹೀರಿದ ಹಾಗೆ ವೈರಿನ ಒಳಗೇ ಹತ್ತಿಕೊಂಡು ಹೋಗಿ ಕೊನೆಗೆ ಕಂಪ್ಯೂಟರನ್ನೇ ಮುಟ್ಟುತ್ತದೆ. ಕಂಪ್ಯೂಟರ್ ತುದಿಯ ಪ್ಲಗ್ ಕಳಚಿ, ಪಿನ್ನುಗಳ ಮೇಲೆ ಬಿಳಿ ಟಿಶ್ಯೂ ಮೆಲ್ಲಗೆ ಒತ್ತಿ ನೋಡಿ. ಆಯಿಲ್ ಕಲೆ ಹತ್ತಿದರೆ ಅರ್ಧ ಉತ್ತರ ಸಿಕ್ಕಿದ ಹಾಗೆ.

ಕಲೆ ಇಲ್ಲವೇ? ಹಾಗಾದರೆ ಸ್ಕ್ಯಾನರ್ ಹಾಕಿಕೊಂಡೇ, ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು, ಚೆನ್ನಾಗಿ ಬಿಸಿಯಾಗುವ ತನಕ ಓಡಿಸಿ. ಒಳಗಿನ ವೇಗದ ಸೆನ್ಸರ್‌ಗಳ ಅಂಕಿ ಮೇಲೆ ಕಣ್ಣಿರಲಿ. ಗೇರ್ ಬದಲಾಗದೆ ಇರುವಾಗಲೇ ಅಂಕಿ ದಿಢೀರನೆ ಸೊನ್ನೆಗೆ ಬಿದ್ದು ಮತ್ತೆ ಏರಿದರೆ ಕಳ್ಳ ಸಿಕ್ಕಿದ. ಇಂಥ ಸೆನ್ಸರ್‌ಗಳು ಬಿಸಿಗೇ ಸೋಲುವುದು ಜಾಸ್ತಿ. ಈ ಗೇರ್‌ಬಾಕ್ಸಿನಲ್ಲಿ ಅವು ಕೂತಿರುವ ಪ್ಲೇಟನ್ನು ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕಿಲ್ಲ, ಕೆಳಗಿನ ಆಯಿಲ್ ಪ್ಯಾನ್ ಮತ್ತು ವಾಲ್ವ್ ಬಾಡಿ (ಆಯಿಲ್ ಹರಿವನ್ನು ನಿಯಂತ್ರಿಸುವ ಭಾಗ) ತೆಗೆದರೆ ಸಾಕು.

ಈ ಗೇರ್‌ಬಾಕ್ಸಿನ ಆಯಿಲ್ ಮಟ್ಟವನ್ನೂ ಬಿಸಿಯಾದಾಗಲೇ, ಆಯಿಲ್ 80 ಡಿಗ್ರಿ ಸೆಲ್ಸಿಯಸ್ ಇರುವಾಗ ನೋಡಬೇಕು. ಬೇರೆ ಗೇರ್‌ಬಾಕ್ಸುಗಳಿಗೆ ಬೇರೆ ಲೆಕ್ಕ, ಆಯಾ ಕಾರಿನ ಮ್ಯಾನ್ಯುವಲ್ ಪುಸ್ತಕ ನೋಡಿ.

ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬಂದರೆ, ಪ್ಯಾನಿನಲ್ಲಿ ಲೋಹದ ಚೂರು ಸಿಕ್ಕರೆ, ಎಂಜಿನ್ ಮೊರೆದರೂ ಕಾರು ಮುಂದೆ ಹೋಗದಿದ್ದರೆ, ಆಗ ಬಿಚ್ಚಲೇಬೇಕು.

ಒಂದು ಕೋರಿಕೆ. ರಾತ್ರಿಯಿಡೀ ನಿಂತು ತಣ್ಣಗಾದ ಕಾರನ್ನು ತಂದು ಬಿಟ್ಟು ಹೋಗಬೇಡಿ. ಓಡಿಸಿ, ಬಿಸಿ ಮಾಡಿ, ಗೇರ್ ಸಿಕ್ಕಿಕೊಂಡಿರುವಾಗಲೇ, ಆಫ್ ಮಾಡದೆ ನಿಧಾನವಾಗಿ ನನ್ನ ಹತ್ತಿರ ತನ್ನಿ.