ಬ್ರೌಸರ್ ಓಡುತ್ತೆ, ನಮ್ಮ ಪ್ರೋಗ್ರಾಂ ಯಾಕೆ ಓಡಲ್ಲ?

"ಬ್ರೌಸರ್‌ನಲ್ಲಿ ಎಲ್ಲಾ ಸೈಟ್ ತೆರೆಯುತ್ತೆ ಸರ್, ನಿಮ್ಮ ಸಾಫ್ಟ್‌ವೇರ್ ಮಾತ್ರ ಇಂಟರ್ನೆಟ್ ಇಲ್ಲ ಅನ್ನುತ್ತೆ." ಕಚೇರಿಗಳಿಗೆ ಪ್ರೋಗ್ರಾಂ ಬರೆದುಕೊಡುವವರಿಗೆ ಈ ದೂರು ಚೆನ್ನಾಗಿ ಗೊತ್ತು. ಇಂಥ ಫೋನ್ ಬಂದಾಗ ನಾನು ಮೊದಲು ನೋಡುವುದು ಪ್ರಾಕ್ಸಿಯನ್ನು. ದೊಡ್ಡ ಕಚೇರಿಗಳಲ್ಲಿ ಕಂಪ್ಯೂಟರುಗಳನ್ನು ನೇರವಾಗಿ ಹೊರಗೆ ಬಿಡುವುದು ಕಡಿಮೆ. ನಡುವೆ ಒಂದು ಪ್ರಾಕ್ಸಿ ಸರ್ವರ್ ಇರುತ್ತದೆ, ಎಲ್ಲರೂ ಅದರ ಮೂಲಕವೇ ಹೋಗಬೇಕು. ಬ್ರೌಸರ್‌ಗೆ ಈ ದಾರಿ ಗೊತ್ತಿರುತ್ತದೆ. ನಮ್ಮ ಪ್ರೋಗ್ರಾಂಗೆ ಗೊತ್ತಿರುವುದಿಲ್ಲ, ಅಷ್ಟೇ.

ಹಾಗಾದರೆ ಸೆಟ್ಟಿಂಗ್ ಓದಿಕೊಂಡರೆ ಆಯಿತಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ವಿಂಡೋಸ್‌ನಲ್ಲಿ ಇದು ರಿಜಿಸ್ಟ್ರಿಯಲ್ಲಿ, ಅಂದರೆ ಸೆಟ್ಟಿಂಗ್‌ಗಳ ಉಗ್ರಾಣದಲ್ಲಿ, ಬಳಕೆದಾರರ ಭಾಗದ 'ಇಂಟರ್ನೆಟ್ ಸೆಟ್ಟಿಂಗ್ಸ್' ಅಡಿಯಲ್ಲಿ ಕೂತಿರುತ್ತದೆ. ಅಲ್ಲಿಂದ 'ಪ್ರಾಕ್ಸಿಸರ್ವರ್' ಎಂಬ ಮೌಲ್ಯ ಓದಿ ಬಳಸುವ ಕೋಡ್ ಬರೆದೆ. ನನ್ನ ಯಂತ್ರದಲ್ಲಿ ಸರಿಯಾಗಿಯೇ ಓಡಿತು. ಒಬ್ಬ ಗ್ರಾಹಕರ ಕಚೇರಿಯಲ್ಲಿ ಮೊದಲ ದಿನವೇ ಕೈಕೊಟ್ಟಿತು. ಅಲ್ಲಿ ಎಂದೋ ತೆಗೆದುಹಾಕಿದ್ದ ಸರ್ವರ್‌ನ ವಿಳಾಸ ಹಾಗೇ ಉಳಿದಿತ್ತು. ಪಕ್ಕದ 'ಪ್ರಾಕ್ಸಿಎನೇಬಲ್' ಸೊನ್ನೆ ಇತ್ತು, ಅಂದರೆ ಆ ವಿಳಾಸವನ್ನು ಬಳಸಬೇಡ ಎಂದರ್ಥ. ನಾನು ಅದನ್ನು ನೋಡಿರಲಿಲ್ಲ. ಸರಿಪಡಿಸಿ ಕಳಿಸಿದೆ. ಈ ಸಲ ಪ್ರೋಗ್ರಾಂ ನೇರವಾಗಿ ಹೊರಗೆ ಹೋಗಲು ನೋಡಿತು, ಫೈರ್‌ವಾಲ್ ತಡೆಯಿತು. ನಿಜವಾದ ಉತ್ತರ ಇದ್ದದ್ದು 'ಆಟೋಕಾನ್ಫಿಗ್‌ಯುಆರ್‌ಎಲ್' ಎಂಬ ಮೂರನೇ ಮೌಲ್ಯದಲ್ಲಿ.

ಆ ಮೌಲ್ಯ ತೋರಿಸುವುದು ಪ್ಯಾಕ್ ಫೈಲನ್ನು, ಅಂದರೆ ಯಾವ ಪ್ರಾಕ್ಸಿ ಬಳಸಬೇಕೆಂದು ಹೇಳುವ ಫೈಲನ್ನು. 1996ರಲ್ಲಿ ನೆಟ್‌ಸ್ಕೇಪ್ ತಂದ ಈ ವ್ಯವಸ್ಥೆ ಇಂದಿಗೂ ಬಳಕೆಯಲ್ಲಿದೆ. ಅದು ಸುಮ್ನೆ ಒಂದು ಪಟ್ಟಿಯಲ್ಲ, ಜಾವಾಸ್ಕ್ರಿಪ್ಟ್ ಪ್ರೋಗ್ರಾಂ. ಒಳಗೆ 'ಫೈಂಡ್‌ಪ್ರಾಕ್ಸಿಫಾರ್‌ಯುಆರ್‌ಎಲ್' ಎಂಬ ಫಂಕ್ಷನ್ ಇರುತ್ತದೆ. ಹೋಗಬೇಕಾದ ವಿಳಾಸ ಕೊಟ್ಟರೆ, ಇಂಥ ಸರ್ವರ್‌ನ 8080 ಪೋರ್ಟ್‌ಗೆ ಹೋಗು, ಅದು ಸಿಗದಿದ್ದರೆ ನೇರವಾಗಿ ಹೋಗು ಎಂಬಂಥ ಉತ್ತರ ಕೊಡುತ್ತದೆ. ಒಳಗಿನ ಸೈಟಿಗೆ ಒಂದು ದಾರಿ, ಬ್ಯಾಂಕಿನ ಸೈಟಿಗೆ ಇನ್ನೊಂದು ದಾರಿ ಇರಬಹುದು. ಅಂದಮೇಲೆ 'ಈ ಕಂಪ್ಯೂಟರ್‌ನ ಪ್ರಾಕ್ಸಿ ಯಾವುದು' ಎಂಬ ಪ್ರಶ್ನೆಗೆ ಒಂದೇ ಉತ್ತರ ಇರುವುದಿಲ್ಲ. 'ಈ ವಿಳಾಸಕ್ಕೆ ಯಾವ ದಾರಿ' ಎಂದೇ ಕೇಳಬೇಕು. ಕೇಳಬೇಕಾದ್ದು ಆಪರೇಟಿಂಗ್ ಸಿಸ್ಟಮ್ಮನ್ನು.

ವಿಂಡೋಸ್‌ನ ವಿನ್‌ಎಚ್‌ಟಿಟಿಪಿ ಲೈಬ್ರರಿಯಲ್ಲಿ (ವೆಬ್ ಸಂಪರ್ಕಕ್ಕೆ ಸಿದ್ಧವಿರುವ ಕೋಡ್) ಇದಕ್ಕೆ ಎರಡು ಫಂಕ್ಷನ್‌ಗಳಿವೆ. ಒಂದು ಬಳಕೆದಾರರ ಸೆಟ್ಟಿಂಗ್ ತಂದುಕೊಡುತ್ತದೆ. ಇನ್ನೊಂದು ಪ್ಯಾಕ್ ಫೈಲ್ ಓಡಿಸಿ, ನಿರ್ದಿಷ್ಟ ವಿಳಾಸಕ್ಕೆ ದಾರಿ ಹೇಳುತ್ತದೆ. ಡಾಟ್‌ನೆಟ್‌ನಲ್ಲಿ 'ಗೆಟ್‌ಪ್ರಾಕ್ಸಿ' ಮೆಥಡ್‌ಗೆ ವಿಳಾಸ ಕೊಟ್ಟು ಕೇಳಬಹುದು. ಜಾವಾದಲ್ಲಿ 'ಪ್ರಾಕ್ಸಿಸೆಲೆಕ್ಟರ್' ಇದೆ, ಆದರೆ ಸಿಸ್ಟಮ್ ಪ್ರಾಕ್ಸಿ ಬಳಸು ಎಂದು ಪ್ರೋಗ್ರಾಂ ಶುರುವಾಗುವಾಗಲೇ ಹೇಳಿರಬೇಕು. ಪೈಥಾನ್‌ನ 'ಗೆಟ್‌ಪ್ರಾಕ್ಸೀಸ್' ಅನುಕೂಲದ್ದೇ, ಆದರೆ ಪ್ಯಾಕ್ ಫೈಲನ್ನು ಅದು ನೋಡುವುದೇ ಇಲ್ಲ. ಇದು ಗೊತ್ತಿಲ್ಲದೆ ದಿನಗಟ್ಟಲೆ ಹುಡುಕಾಡಿದವರನ್ನು ನೋಡಿದ್ದೇನೆ.

ಎಲ್ಲಕ್ಕಿಂತ ಜಾಸ್ತಿ ಕಾಡುವುದು ವಿಂಡೋಸ್ ಸರ್ವಿಸ್, ಅಂದರೆ ಯಾರೂ ಲಾಗಿನ್ ಆಗದಿದ್ದರೂ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ. ನೀವು ಲಾಗಿನ್ ಆಗಿ ಕೈಯಾರೆ ಓಡಿಸಿದಾಗ ಪ್ರೋಗ್ರಾಂ ಸರಿಯಾಗಿರುತ್ತದೆ. ಅದನ್ನೇ ಸರ್ವಿಸ್ ಮಾಡಿದ ಕೂಡಲೇ ನಿಲ್ಲುತ್ತದೆ. ಕಾರಣ ಸರಳ. ಸರ್ವಿಸ್ ಸಾಮಾನ್ಯವಾಗಿ ಬೇರೆ ಖಾತೆಯಲ್ಲಿ ಓಡುತ್ತದೆ, ನಿಮ್ಮ ಖಾತೆಯ ಪ್ರಾಕ್ಸಿ ಅದಕ್ಕೆ ಕಾಣುವುದಿಲ್ಲ. ವಿನ್‌ಎಚ್‌ಟಿಟಿಪಿಗೆ ಇಡೀ ಯಂತ್ರಕ್ಕೆ ಸೇರಿದ ಬೇರೆಯದೇ ಸೆಟ್ಟಿಂಗ್ ಕೂಡ ಇದೆ. 'ನೆಟ್‌ಶ್ ವಿನ್‌ಎಚ್‌ಟಿಟಿಪಿ ಶೋ ಪ್ರಾಕ್ಸಿ' ಎಂಬ ಆದೇಶ ಕೊಟ್ಟರೆ ಅದು ಕಾಣುತ್ತದೆ. ಬ್ರೌಸರ್‌ನಲ್ಲಿ ಪ್ರಾಕ್ಸಿ ಇದ್ದು ಇಲ್ಲಿ 'ನೇರ ಸಂಪರ್ಕ' ಎಂದು ಬಂದರೆ ಅರ್ಧ ಉತ್ತರ ಸಿಕ್ಕಂತೆ.

ಲಿನಕ್ಸ್‌ನಲ್ಲಿ ಕಮಾಂಡ್ ಲೈನ್ ಪ್ರೋಗ್ರಾಂಗಳು ಹೆಚ್ಚಾಗಿ ನೋಡುವುದು, ಸಿಸ್ಟಮ್ ಪ್ರೋಗ್ರಾಂಗಳಿಗೆ ಹೆಸರಿಟ್ಟು ಕೊಡುವ ಮೌಲ್ಯಗಳಾದ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳನ್ನು. ಇಲ್ಲಿ ಅಕ್ಷರದ ಗಾತ್ರವೂ ಮುಖ್ಯ. ಸಾದಾ ಎಚ್‌ಟಿಟಿಪಿಗೆ ಕಮಾಂಡ್ ಲೈನಿನಿಂದ ವೆಬ್ ಪುಟ ತರುವ ಕರ್ಲ್ ಪ್ರೋಗ್ರಾಂ http_proxy ಎಂಬ ಸಣ್ಣಕ್ಷರದ ಹೆಸರನ್ನಷ್ಟೇ ಒಪ್ಪುತ್ತದೆ. ಅದಕ್ಕೆ ಸುರಕ್ಷತೆಯ ಕಾರಣವಿದೆ. ಹೊರಗಿನ ಕೋರಿಕೆಯ ಜೊತೆ ಬರುವ 'ಪ್ರಾಕ್ಸಿ' ಎಂಬ ಹೆಡರ್ ಸಾಲು, ಸಿಜಿಐ (ಬಂದ ಕೋರಿಕೆಯನ್ನು ಬೇರೆ ಪ್ರೋಗ್ರಾಂಗೆ ದಾಟಿಸುವ ಹಳೆಯ ವಿಧಾನ) ಬಳಸುವ ಸರ್ವರ್‌ನಲ್ಲಿ HTTP_PROXY ಎಂಬ ದೊಡ್ಡಕ್ಷರದ ವೇರಿಯಬಲ್ ಆಗಿಬಿಡುತ್ತದೆ, ಅಂದರೆ ಪ್ರಾಕ್ಸಿ ಯಾವುದೆಂದು ಹೊರಗಿನವರೇ ತೀರ್ಮಾನಿಸಬಹುದು. 2016ರಲ್ಲಿ ಎಚ್‌ಟಿಟಿಪಾಕ್ಸಿ ಎಂದು ಸುದ್ದಿಯಾದ ತೊಂದರೆ ಇದೇ.

ದಾರಿ ಸಿಕ್ಕ ಮೇಲೂ 407 ಎಂಬ ಉತ್ತರ ಬರಬಹುದು. ಪ್ರಾಕ್ಸಿ ಸಿಕ್ಕಿದೆ, ಅದು ಗುರುತು ಕೇಳುತ್ತಿದೆ ಎಂದು ಅರ್ಥ. ದಯವಿಟ್ಟು ಇದನ್ನು 'ಇಂಟರ್ನೆಟ್ ಇಲ್ಲ' ಎಂದು ತೋರಿಸಬೇಡಿ. ಬಳಕೆದಾರರು ಸುಮ್ಮನೆ ಕೇಬಲ್ ಕಿತ್ತು ಹಾಕುತ್ತಾ ಕೂರುತ್ತಾರೆ. ಯಾವ ವಿಳಾಸಕ್ಕೆ ಯಾವ ಪ್ರಾಕ್ಸಿ ಆಯ್ಕೆಯಾಯಿತು, ಯಾವ ಖಾತೆಯಲ್ಲಿ ಓಡುತ್ತಿದ್ದೇವೆ, ಏನು ಉತ್ತರ ಬಂತು ಎಂದು ಲಾಗ್‌ನಲ್ಲಿ ಬರೆಯಿರಿ, ಪಾಸ್‌ವರ್ಡ್ ಮಾತ್ರ ಬಿಟ್ಟು. ಸೆಟ್ಟಿಂಗ್ ಪುಟದಲ್ಲಿ ಪ್ರಾಕ್ಸಿಯನ್ನು ಕೈಯಿಂದ ತುಂಬಲು ಒಂದು ಜಾಗವನ್ನೂ ಇಡಿ. ಆ ಗ್ರಾಹಕರಿಂದ ಈಗ ಫೋನ್ ಬಂದರೆ, ಲಾಗ್‌ನ ಆ ಒಂದು ಸಾಲು ಓದಿ ಹೇಳಿ ಎನ್ನುತ್ತೇನೆ.