ಮೂಲೆ ಸೇರಿದ ಫೋನಿಗೆ ಇನ್ನೊಂದು ಕರ್ನಲ್

ಮೂಡಿಗೆರೆ ಸಮೀಪದ ನಮ್ಮ ತೋಟದ ಮನೆಯಲ್ಲಿ ಮೂರು ಹಳೆಯ ಸ್ಮಾರ್ಟ್‌ಫೋನ್‌ಗಳಿವೆ. ಮೂರರ ಪರದೆಯೂ ಸರಿಯಾಗಿದೆ, ಚಾರ್ಜೂ ನಿಲ್ಲುತ್ತದೆ. ತಯಾರಕರು ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿದ ಮೇಲೆ ಆ್ಯಪ್‌ಗಳು ಒಂದೊಂದಾಗಿ ಕೈಕೊಟ್ಟು ಅವು ಮೂಲೆ ಸೇರಿದವು. ಅದೇ ಮನೆಯಲ್ಲಿ ಅವಕ್ಕಿಂತ ಹಳೆಯದಾದ ಲ್ಯಾಪ್‌ಟಾಪ್ ಒಂದು ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯ ಹೊಸ ಆವೃತ್ತಿಯನ್ನು ಹಾಕಿಸಿಕೊಂಡು ಆಳುಗಳ ಬಟವಾಡೆ ಲೆಕ್ಕವನ್ನು ಈಗಲೂ ನೋಡಿಕೊಳ್ಳುತ್ತಿದೆ. ಎರಡರೊಳಗೂ ಇರುವುದು ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಕರ್ನಲ್ಲೇ, ಅಂದರೆ ಯಂತ್ರಾಂಶಕ್ಕೂ ಆ್ಯಪ್‌ಗಳಿಗೂ ನಡುವೆ ನಿಂತು ಕೆಲಸ ಮಾಡಿಸುವ ತಿರುಳು ತಂತ್ರಾಂಶ. 2008ರಲ್ಲಿ ಮೊದಲ ಆಂಡ್ರಾಯ್ಡ್ ಫೋನು ಬಂದಾಗಿನಿಂದ ಇಂದಿನವರೆಗೂ ಆಂಡ್ರಾಯ್ಡ್‌ನ ಅಡಿಪಾಯ ಅದು. ಹಾಗಿದ್ದರೆ ಲ್ಯಾಪ್‌ಟಾಪಿಗೆ ಸಿಕ್ಕ ದೀರ್ಘಾಯುಷ್ಯ ಫೋನಿಗೇಕೆ ಸಿಗಲಿಲ್ಲ?

ಉತ್ತರ ಇರುವುದು ಯಂತ್ರಾಂಶವು ತನ್ನ ಪರಿಚಯ ಹೇಳಿಕೊಳ್ಳುವ ರೀತಿಯಲ್ಲಿ. ಲ್ಯಾಪ್‌ಟಾಪನ್ನು ಚಾಲೂ ಮಾಡಿದಾಗ ಅದರಲ್ಲಿ ತಯಾರಕರೇ ಹಾಕಿಟ್ಟ ಮೂಲ ತಂತ್ರಾಂಶ (ಫರ್ಮ್‌ವೇರ್), ಒಳಗೆ ಯಾವ ಭಾಗ ಎಲ್ಲಿದೆ ಎಂಬುದನ್ನು ಒಂದು ಸಿದ್ಧ ಪದ್ಧತಿಯಲ್ಲಿ ಕರ್ನಲ್‌ಗೆ ತಿಳಿಸುತ್ತದೆ. ಆದ್ದರಿಂದ ಒಂದೇ ಪೆನ್‌ಡ್ರೈವ್‌ನಿಂದ ಹತ್ತಾರು ಕಂಪನಿಗಳ ಲ್ಯಾಪ್‌ಟಾಪ್‌ಗಳಿಗೆ ಲಿನಕ್ಸ್ ಹಾಕಬಹುದು. ಫೋನಿನ ಎಆರ್‌ಎಂ ಚಿಪ್‌ಗಳಲ್ಲಿ ಬಹುಪಾಲು ಭಾಗಗಳು ಹೀಗೆ ಮಾತನಾಡುವುದಿಲ್ಲ. ಟಚ್‌ಸ್ಕ್ರೀನ್ ಯಾವ ವಿಳಾಸದಲ್ಲಿದೆ, ಅದಕ್ಕೆ ಎಷ್ಟು ವೋಲ್ಟ್ ವಿದ್ಯುತ್ ಎಲ್ಲಿಂದ ಬರಬೇಕು ಎಂಬುದನ್ನೆಲ್ಲ 'ಡಿವೈಸ್ ಟ್ರೀ' ಎಂಬ ಕಡತದಲ್ಲಿ ಮೊದಲೇ ಬರೆದಿಡಬೇಕಾಗುತ್ತದೆ. ಹಳೆಯ ಮನೆಯ ವೈರಿಂಗ್ ಮಾಡಿದವರು ನಕ್ಷೆ ಬಿಟ್ಟು ಹೋಗದಿದ್ದರೆ ಹೊಸ ಎಲೆಕ್ಟ್ರಿಷಿಯನ್ ಪಡುವ ಪಾಡನ್ನು ನೆನೆಸಿಕೊಂಡರೆ, ಇದರ ಮಹತ್ವ ತಿಳಿಯುತ್ತದೆ. ಚಿಪ್ ತಯಾರಕರು ಕರ್ನಲ್‌ನ ಒಂದು ಆವೃತ್ತಿಯನ್ನು ಎತ್ತಿಕೊಂಡು, ಅದಕ್ಕೆ ತಮ್ಮದೇ ಅಪಾರ ಬದಲಾವಣೆಗಳನ್ನು ಸೇರಿಸಿ ಫೋನ್ ಕಂಪನಿಗೆ ಕೊಡುತ್ತಾರೆ. ಲಿನಕ್ಸ್ ಕರ್ನಲ್ ಹಂಚಿಕೆಯಾಗುವ ಜಿಪಿಎಲ್ ಪರವಾನಗಿಯ ಪ್ರಕಾರ ಆ ಮೂಲಸಂಕೇತವನ್ನು ಕೊಡಬೇಕು, ನಿಜ; ಆದರೆ ಅದನ್ನು ಟೋರ್ವಾಲ್ಡ್ಸ್ ಬಳಗ ಬೆಳೆಸುವ ಮುಖ್ಯ ಕರ್ನಲ್‌ಗೆ ಸೇರುವಂತೆ ತಿದ್ದಿ ಕಳುಹಿಸಬೇಕೆಂಬ ಕಟ್ಟುಪಾಡಿಲ್ಲ. ಹೀಗಾಗಿ ಫೋನು ಹುಟ್ಟಿದ ವರ್ಷದ ಕರ್ನಲ್‌ಗೇ ಅಂಟಿಕೊಂಡು ಉಳಿದುಬಿಡುತ್ತದೆ.

ಈ ಗಂಟನ್ನು ಬಿಡಿಸಲು ಎರಡು ದಾರಿಗಳಿವೆ. ಹಳೆಯ ಕರ್ನಲ್ಲನ್ನೂ ಆಂಡ್ರಾಯ್ಡ್‌ನ ಚಾಲಕ ತಂತ್ರಾಂಶಗಳನ್ನೂ ಹಾಗೆಯೇ ಇಟ್ಟುಕೊಂಡು, ನಡುವೆ ದುಭಾಷಿಯಂತೆ 'ಲಿಬ್‌ಹೈಬ್ರಿಸ್' ಎಂಬ ಪದರವನ್ನು ಇರಿಸಿ, ಮೇಲೆ ಬೇರೆ ವ್ಯವಸ್ಥೆಯನ್ನು ಕಟ್ಟುವುದು ಮೊದಲನೆಯದು. ಉಬುಂಟು ಲಿನಕ್ಸ್ ತಯಾರಿಸುವ ಕೆನಾನಿಕಲ್ ಕಂಪನಿ 2013ರಲ್ಲಿ ಪ್ರಕಟಿಸಿ 2017ರಲ್ಲಿ ಕೈಬಿಟ್ಟ, ಆಮೇಲೆ ಯುಬಿಪೋರ್ಟ್ಸ್‌ನ ಸ್ವಯಂಸೇವಕರು ಎತ್ತಿಕೊಂಡು ಬೆಳೆಸಿದ ಉಬುಂಟು ಟಚ್, ಬಹುತೇಕ ಫೋನುಗಳಲ್ಲಿ ನಡೆಯುವುದು ಹೀಗೆಯೇ. ಫಿನ್ಲೆಂಡಿನ ಸೇಲ್‌ಫಿಶ್ ಕೂಡ ಇದೇ ದಾರಿಯದು, ಆದರೆ ಅದನ್ನು ಪೂರ್ತಿ ಮುಕ್ತವೆಂದು ಕರೆಯಲು ನನಗೆ ಮನಸ್ಸಿಲ್ಲ. ಪರದೆಯ ಮೇಲೆ ಕಾಣುವ ಅದರ ಮುಖಭಾಗದ ತಂತ್ರಾಂಶದ ಮೂಲಸಂಕೇತ ಬಹುಕಾಲ ಮುಚ್ಚಿಕೊಂಡೇ ಇತ್ತು.

ಎರಡನೆಯದು ಕಷ್ಟದ ದಾರಿ. ಫೋನಿನ ಒಂದೊಂದೇ ಭಾಗದ ಗುಟ್ಟನ್ನು ಹುಡುಕಿ, ಡಿವೈಸ್ ಟ್ರೀ ಬರೆದು, ಮುಖ್ಯ ಕರ್ನಲ್ಲಿನಲ್ಲೇ ಅದಕ್ಕೆ ಜಾಗ ಮಾಡಿಸುವುದು. ಪುಟ್ಟ ಗಾತ್ರದ ಆಲ್ಪೈನ್ ಲಿನಕ್ಸ್ ಮೇಲೆ ನಿಂತಿರುವ, 2017ರಲ್ಲಿ ಆರಂಭವಾದ ಪೋಸ್ಟ್‌ಮಾರ್ಕೆಟ್ಒಎಸ್ ಎಂಬ ವ್ಯವಸ್ಥೆ, ಒಂದು ಫೋನಿಗೆ ಹತ್ತು ವರ್ಷದ ಆಯುಷ್ಯ ಕೊಡಬೇಕೆಂದು ಹೊರಟದ್ದು ಈ ಹಾದಿಯಲ್ಲಿ. 2018ರಲ್ಲಿ ನಮ್ಮ ದೇಶದಲ್ಲಿಯೂ ಮಾರಾಟವಾದ ಪೋಕೋ ಎಫ್1, ಒನ್‌ಪ್ಲಸ್ 6 ಮುಂತಾದ ಸ್ನ್ಯಾಪ್‌ಡ್ರಾಗನ್ 845 ಚಿಪ್ಪಿನ ಫೋನುಗಳು ಮುಖ್ಯ ಕರ್ನಲ್‌ಗೆ ತೀರ ಹತ್ತಿರದ ಕರ್ನಲ್‌ನಲ್ಲಿ ಇಂದು ಚಾಲೂ ಆಗುತ್ತವೆ. ಮುಖಭಾಗಕ್ಕೆ ಫಾಶ್, ಪ್ಲಾಸ್ಮಾ ಮೊಬೈಲ್ ಮೊದಲಾದವುಗಳಲ್ಲಿ ಬೇಕಾದದ್ದನ್ನು ಆರಿಸಿಕೊಳ್ಳಬಹುದು.

ನಮ್ಮ ಮೂರರಲ್ಲಿ ಒಂದು ಫೋನಿಗೆ ಪೋಸ್ಟ್‌ಮಾರ್ಕೆಟ್ಒಎಸ್ ಹಾಕಿದೆ. ಫೋನ್ ಚಾಲೂ ಆದಾಗ ವ್ಯವಸ್ಥೆಯನ್ನು ಎಬ್ಬಿಸುವ, ತಯಾರಕರು ಬೀಗ ಹಾಕಿಟ್ಟ ಬೂಟ್‌ಲೋಡರ್ ತೆರೆದಾಗ ಒಳಗಿದ್ದ ಫೋಟೋಗಳೆಲ್ಲ ಅಳಿಸಿಹೋಗುತ್ತವೆಂಬುದು ಗೊತ್ತಿದ್ದರೂ ಒಂದು ಕ್ಷಣ ಕೈ ತಡೆಯಿತು. ಹೊಸ ವ್ಯವಸ್ಥೆ ಎದ್ದ ಮೇಲೆ ಲ್ಯಾಪ್‌ಟಾಪಿನಿಂದ ಕಳುಹಿಸಿದ ಎರಡಕ್ಷರದ 'ಮಳೆ' ಮೂರು ಖಾಲಿ ಚೌಕಗಳಾಗಿ ಕಂಡಿತು: ನಾವು ಒಂದೇ ಅಕ್ಷರವೆಂದು ಓದುವ 'ಳೆ', ಯೂನಿಕೋಡ್‌ನಲ್ಲಿ ಳಕಾರ ಮತ್ತು ಎತ್ವ ಎಂಬ ಎರಡು ಸಂಕೇತಗಳು. ನೋಟೋ ಕನ್ನಡ ಫಾಂಟ್ ಹಾಕಿದೊಡನೆ ಒತ್ತಕ್ಷರಗಳೂ ಸಹ ಲ್ಯಾಪ್‌ಟಾಪಿನಲ್ಲಿ ಕಾಣುವಷ್ಟೇ ಶುದ್ಧವಾಗಿ ಮೂಡಿದವು. ಈಗ ಆ ಫೋನು ಮನೆಯ ವೈಫೈಯಲ್ಲಿ ಪುಟ್ಟ ಸರ್ವರ್. ಬೆಳಿಗ್ಗೆ ಮಳೆಮಾಪಕದಲ್ಲಿ ಎಷ್ಟು ಇಂಚು, ಎಷ್ಟು ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ) ಆಗಿದೆಯೆಂದು ನೋಡಿ ಯಾರಾದರೂ ತಮ್ಮ ಫೋನಿನಿಂದಲೇ ಅದರಲ್ಲಿ ದಾಖಲಿಸುತ್ತಾರೆ. ಆಷಾಢದ ಮಳೆಯಲ್ಲಿ ಕರೆಂಟು ಹೋದಾಗಲೂ ಒಳಗಿನ ಬ್ಯಾಟರಿಯಿಂದಾಗಿ ಅದು ನಿಲ್ಲುವುದಿಲ್ಲ. ಸದಾ ಚಾರ್ಜರಿನಲ್ಲೇ ಇರುವ ಬ್ಯಾಟರಿ ಉಬ್ಬುವ ಭಯವಿರುವುದರಿಂದ ವಾರಕ್ಕೊಮ್ಮೆ ಹಿಂಬದಿಯನ್ನು ಸವರಿ ನೋಡುತ್ತೇನೆ.

ಜೇಬಿನ ಫೋನಾಗಿ ಇದನ್ನು ಬಳಸುವಂತೆ ಯಾರಿಗೂ ಹೇಳಲಾರೆ. ಜಿಯೋದಂಥ ಜಾಲದಲ್ಲಿ 2ಜಿ, 3ಜಿ ಇಲ್ಲವಾದ್ದರಿಂದ 4ಜಿ ಜಾಲದ ಮೇಲೆ ಕರೆ ಒಯ್ಯುವ ವೋಲ್ಟೆ ಇಲ್ಲದೆ ಸಾಮಾನ್ಯ ಕರೆ ಹೋಗುವುದಿಲ್ಲ, ವೋಲ್ಟೆಯನ್ನು ಹೊಂದಿಸುವುದೋ ಇಂಥ ವ್ಯವಸ್ಥೆಗಳಿಗೆ ಇನ್ನೂ ಕಗ್ಗಂಟು. ಕ್ಯಾಮೆರಾ ಅನೇಕ ಮಾದರಿಗಳಲ್ಲಿ ಕಣ್ಣು ಬಿಡುವುದಿಲ್ಲ. ವೇಡ್ರಾಯ್ಡ್ ಮೂಲಕ ಆಂಡ್ರಾಯ್ಡ್ ಆ್ಯಪ್‌ಗಳನ್ನು ನಡೆಸಬಹುದಾದರೂ, ಫೋನಿನ ಸಾಚಾತನವನ್ನು ಪರೀಕ್ಷಿಸುವ ಬ್ಯಾಂಕ್ ಆ್ಯಪ್‌ಗಳು ಬಾಗಿಲಲ್ಲೇ ತಡೆಯಬಹುದು.

ಉಳಿದ ಎರಡರಲ್ಲಿ ಒಂದರ ಚಿಪ್‌ಗೆ ಮುಖ್ಯ ಕರ್ನಲ್‌ನಲ್ಲಿ ಪರದೆ ಬೆಳಗಿಸುವಷ್ಟೂ ಬೆಂಬಲವಿಲ್ಲ. ಇನ್ನೊಂದರ ಬೂಟ್‌ಲೋಡರ್ ತೆರೆಯಲು ತಯಾರಕರು ಅವಕಾಶವನ್ನೇ ಕೊಟ್ಟಿಲ್ಲ. ರಾತ್ರಿ ಕೊಟ್ಟಿಗೆಗೆ ಹೋಗುವಾಗ ಅದನ್ನು ಟಾರ್ಚಾಗಿ ಒಯ್ಯುತ್ತೇವೆ.